ಸೊನ್ನೆ ಟಿಕೇಟು

ಡಾಕ್ಟರ್ ಮಠಪತಿ ಕೇಳ್ತಾರ: ನೋವು ಹತ್ತಕ್ಕ ಎಷ್ಟು, ಜಗದೇವಿ?
ಹತ್ತೊಂಬತ್ತು ವರ್ಷ ಆಳಂದ ಬಸ್ಸಿನ್ಯಾಗ ಸೀಟಿ ಊದಿದಾಕಿ ನಾ,
ಲೆಕ್ಕ ನನಗ ಬರ್ತದ.
ಎಲ್ಲಿಂದ ಎಲ್ಲಿತನಕ ಅಂತ ಕೇಳ್ರಿ ಸಾಹೇಬರ,
ಸ್ಟೇಜ್ ಗೊತ್ತಿಲ್ಲದ ದರ ಹ್ಯಾಂಗ ಹೇಳಲಿ?

ಸೋಮವಾರ ಅಂಗಾಲಿನ್ಯಾಗ ಕೆಂಪಿರುವಿ ಸಾಲು.
ಬುಧವಾರ ಇರುವಿ ಇಳದು
ಹಸಿ ಕಾಲ್ಚೀಲ ಹಾಕ್ಕೊಂಡಂಗ.
ಮುಟ್ಟಿ ನೋಡಿದ್ರ ಒಣ ಕಾಲು, ಬರಿಗಾಲು.
ಶುಕ್ರವಾರ ಪಟ್ಟಣ ದಾಟಿದ ಮ್ಯಾಲ
ಮೀನಖಂಡದಾಗ ವೈರ್ ಹರಿದು ಕಿಡಿ ಹಾರ್ತು,
ಕಂಬಿ ಹಿಡದು ನಿಂತೆ.
ಚಿಲ್ಲರೆ ಕೇಳಲಾಕ ಬಂದ ಹುಡುಗ ನನ್ನ ಮುಖ ನೋಡಿ
ಬ್ಯಾಡ ಬಿಡ್ರಿ ಅಂದ.
ಆಮ್ಯಾಲ ಮೂರು ದಿನ ಏನೂ ಇಲ್ಲ.
ಎಲ್ಲಾದ್ರಾಗ ಕೆಟ್ಟದ್ದು ಅದೇ,
ಕಾಲೇ ಇಲ್ಲದಂಗ ಇಲ್ಲ.

ಸಕ್ಕರಿ ಅದನೇನು? ಇಲ್ಲ.
ಕುಡೀತೀಯೇನು? ಸಂಗಾಟ ಬಂದ ಇಸ್ಮಾಯಿಲ್ ಡ್ರೈವರ್ ನಕ್ಕು ನಕ್ಕು ಕೆಮ್ಮಿದ.
ಬಿ ಟ್ವೆಲ್ವ್ ಬರೋಬ್ಬರಿ, ಥೈರಾಯ್ಡ್ ಬರೋಬ್ಬರಿ.
ಸೊಲ್ಲಾಪುರದಾಗ ಸೂಜಿ ಚುಚ್ಚಿ ಕರೆಂಟ್ ಬಿಟ್ಟು ನೋಡಿದ್ರು,
ನರದ ಸುದ್ದಿ ತಡಾ ಮಾಡಿ ಮುಟ್ತದ ಅಂದ್ರು.
ಕಾರಣ: ಗೊತ್ತಿಲ್ಲ.
ಹಂಗಂತ ಬರದು, ಸಿಕ್ಕಾ ಹೊಡದು ಕೊಟ್ರು.
ಆ ಹಾಳಿ ಇನ್ನೂ ರೊಕ್ಕದ ಚೀಲದಾಗೇ ಅದ.

ಹೆಣ್ಣೇ ಇರಬೇಕು ಇದು.
ಆಧಾರ ಕಾರ್ಡ್ ತೋರಸದ ಹತ್ತಿ
ಸೊನ್ನೆ ಟಿಕೇಟಿನ್ಯಾಗ ಕುಂತುಬಿಟ್ಟದ.
ಯಾವ ಊರವ್ವಾ ಅಂದ್ರ ಕಿಟಕಿ ಕಡಿ ಮುಖ ತಿರುವ್ತದ,
ನಾ ಮುಂದ ಹೋಗೋದ್ರಾಗ ಸೀಟು ಬದ್ಲಿ ಮಾಡ್ತದ.

ನಾಣ್ಯ ನನ್ನ ಬೆರಳಿಗಿ ಗೊತ್ತಿದ್ವು.
ಎಂಬತ್ತು ಮಂದಿ ನಡುವ, ಕಣ್ಣು ಬಾಗಿಲ ಮ್ಯಾಲ ಇಟ್ಟು
ಚೀಲದಾಗ ಕೈ ಹಾಕಿದ್ರ ಒಂದು ಒಂದೇ, ಐದು ಐದೇ.
ಈಗ ಎಲ್ಲಾ ಮೆತ್ತಗ, ನಾದಿಟ್ಟ ಹಿಟ್ಟಿನಂಗ.
ಕಡಗಂಚಿ ಅಣ್ಣಾರಾಯಗ ಹುಟ್ಟಿದಾಗಿಂದ ಕಣ್ಣಿಲ್ಲ.
ತನಗ ಪಾಸು, ಸಂಗಾಟ ಬರೋ ಅಳಿಯನ ಟಿಕೇಟಿಗಿ ರೊಕ್ಕ.
ಚಿಲ್ಲರೆ ಅಂಗೈದಾಗ ತಿಕ್ಕಿ ನೋಡಿ ಒಂದು ನಾಣ್ಯ ತಿರುಗಿ ಕೊಟ್ಟ:
“ಇದು ಐದರದು ಅಕ್ಕಾ, ಎರಡಂತ ಕೊಟ್ಟೀರಿ.”
ಬಸ್ಸಿಗೆಲ್ಲಾ ಕೇಳಂಗ ಅಲ್ಲ. ಮೆಲ್ಲಕ.
ಮತ್ತ ಅಂದ, “ಉಗುರಲೆ ಅಂಚು ಗೀರಿ ನೋಡ್ರಿ,
ಬೆರಳು ಸುಳ್ಳು ಹೇಳಿದ್ರ ಉಗುರು ಹೇಳಂಗಿಲ್ಲ.”
ಖರೇ ಹೇಳ್ತೀನಿ, ಒಂದಿನ ಆಗ್ತದ, ಒಂದಿನ ಆಗಂಗಿಲ್ಲ.

ಮೇ ತಿಂಗಳ ಮಧ್ಯಾಹ್ನ, ಆಳಂದ ಸ್ಟ್ಯಾಂಡಿನ್ಯಾಗ
ಚಪ್ಪಲಿ ಕಳಚಿ ಬಿದ್ದದ್ದು ನನಗ ಖಬರಿಲ್ಲ.
ಡಾಂಬರದ ಮ್ಯಾಲ ಕಂಟ್ರೋಲರ್ ಖೋಲಿತನಕ ನಡದೆ.
ರಾತ್ರಿ ಗುಳ್ಳಿ ನೋಡಿ ಬಾಜೂ ಮನಿ ರುಖಿಯಾ ಆಪಾ ಬೈದ್ಲು,
ಬೈಕೋತ ಬೈಕೋತ ಮುಲಾಮು ಹಚ್ಚಿದ್ಲು.
ಅದೇ ಕಾಲು, ಅದೇ ರಾತ್ರಿ,
ಪಾತಳ ಹೊದಿಕಿ ತಾಗಿದ್ರ ಚೀರ್ತದ.
ಡಾಂಬರ ತಡಕೊಂಡದ್ದು ಹೊದಿಕಿ ತಡಕೊಳ್ಳಂಗಿಲ್ಲ.
ಈ ತಕರಾರು ಯಾವ ಡಿಪೋದಾಗ ಕೊಡಲಿ?

ಚಂದ್ರಶಾ ಕಿರಾಣಿ ಅಂಗಡಿಯಿಂದ ಬಿಸ್ಕೀಟಿನ ರಟ್ಟಿನ ಡಬ್ಬಿ ತಂದು,
ಎರಡೂ ಕಡಿ ಕೊಯ್ದು, ಕಾಲ ಮ್ಯಾಲ ಇಟ್ಟು
ಅದರ ಮ್ಯಾಲ ಹೊದಿಕಿ ಹರವ್ತಾನ.
ಮಾತಿಲ್ಲ. ಫ್ಯಾನ್ ನಾಕಕ್ಕ ಇಟ್ಟು ಮಕ್ಕೋತಾನ.

ಇವತ್ತು ನಸುಕಿನ್ಯಾಗ
ಫರ್ಸಿ ಮ್ಯಾಲ ಕಾಲಿಟ್ಟೆ.
ಎಡಗಾಲ ಕಿರಿಬೆರಳಿಗಿ ತಣ್ಣಗ ಹತ್ತಿತು. ಅದೊಂದಕ್ಕೇ.
ಉಳದವು ಮಕ್ಕೊಂಡಿದ್ವು.
ಚಂದ್ರಶಾಗ ಎಬ್ಬಿಸಿ ಹೇಳಬೇಕಂತ ಮಾಡಿದೆ. ಹೇಳಲಿಲ್ಲ.
ನಾಳಿ ಕೇಳಿದ್ರ ಏನು ತೋರಸ್ಲಿ?

ವೇ ಬಿಲ್ಲಿನ್ಯಾಗ ಗಾಡಿ ನಂಬರ ಬರದೆ,
ಇಸ್ಮಾಯಿಲನ ಬ್ಯಾಡ್ಜ್ ನಂಬರ ಬರದೆ.
ಕಿರಿಬೆರಳಿಗಿ ಕಾಲಂ ಇಲ್ಲ.
ಆಕಿ ಹತ್ತ್ಯಾಳ, ಗೊತ್ತು. ಯಾವ ಸೀಟಿನ್ಯಾಗ ಕುಂತಾಳೋ
ಇವತ್ತು ತಿರುಗಿ ನೋಡಲಿಲ್ಲ.
ಸೀಟಿ ಹೊಡದೆ.