ದಿನಕ್ಕೆ ನಾಲ್ಕು ನಿಮಿಷ

ಸಾಲಗಾಮೆ ರಸ್ತೆಯ ಮಹಡಿಯಲ್ಲಿ
ಧರಣೇಂದ್ರನ ಕುರ್ಚಿ ಇನ್ನೂ ಹಾಗೇ ಇದೆ,
ಸ್ವಲ್ಪ ಎಡಕ್ಕೆ ವಾಲಿಕೊಂಡು.
"ಮೊದಲು ನಾಮಿನಿ ಹೆಸರು ಬರೀರಿ, ಕಾಫಿ ಆಮೇಲೆ"
ಅನ್ನುತ್ತಿದ್ದ. ಅಷ್ಟರಲ್ಲಿ
ಕಾಫಿ ಬಂದು ಆರುತ್ತಿರುತ್ತಿತ್ತು.

ಅರ್ಧ ಹಾಸನದ ಉಳಿತಾಯ ಬಾಯಿಪಾಠ;
ಸ್ಕೂಟರ್ ಕೀ ಎಲ್ಲಿಟ್ಟೆ ಅನ್ನುವುದೊಂದು ಬಿಟ್ಟು.

ಹೂವಿನ ನಿಂಗಾಜಮ್ಮನಿಗೆ
ತಿಂಗಳಿಗೆ ಐನೂರು ಹತ್ತು ವರ್ಷಕ್ಕೆ ಎಷ್ಟೆಂದು
ಬಸ್ ಟಿಕೆಟಿನ ಬೆನ್ನ ಮೇಲೆ ಬರೆದುಕೊಟ್ಟ.
ಫೀಸು, ಒಂದು ಮಾರು ಸೇವಂತಿಗೆ.
ಅದನ್ನೂ ಸ್ಕೂಟರ್ ಕನ್ನಡಿಗೆ ಸುತ್ತಿ ಹೊರಟ,
ಹಿಂದೆ ಬರುವವರು ಕಾಣದ ಹಾಗೆ.

ಸಂಜೆ ಬೇರೆಯೇ ಮನುಷ್ಯ:
ಕೆಟ್ಟ ಗಡಿಯಾರಗಳ ಹೊಟ್ಟೆ ಬಗೆಯುವವನು,
ಮೌತ್ ಆರ್ಗನ್ನಿನಲ್ಲಿ ಒಂದೇ ಹಾಡನ್ನು
ಹನ್ನೊಂದು ವರ್ಷ ತಪ್ಪಾಗಿ ನುಡಿಸಿದವನು,
ಗೊರೂರು ಹಿನ್ನೀರಿಗೆ ಹಕ್ಕಿ ನೋಡಲು ಹೋಗಿ
ದುರ್ಬೀನು ಮನೆಯಲ್ಲೇ ಮರೆತವನು.

ಹೋದ ದಿನ ಅಂಗಳದಲ್ಲಿ ನಿಂತಿದ್ದೆವು
ಗಡಿಯಾರದವರು, ಹಕ್ಕಿಯವರು, ಶಟಲ್‌ನವರು,
ಒಬ್ಬರಿಗೊಬ್ಬರು ಗುರುತಿಲ್ಲ.
"ನನಗೆ ತುಂಬಾ ಬೇಕಾದವನು" ಎಂದು
ಎಲ್ಲರೂ ತುಸು ಜೋರಾಗಿಯೇ ಹೇಳಿಕೊಂಡೆವು.
ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ.

ಮೊನ್ನೆ ವಿಜಯಮಾಲಾ ಕರೆದು
ಆರು ವರ್ಷದ ಹಿಂದೆ ರಿಪೇರಿಗೆ ಕೊಟ್ಟಿದ್ದ
ನನ್ನ ಗೋಡೆ ಗಡಿಯಾರ ವಾಪಸು ಕೊಟ್ಟರು.
ಬೆನ್ನಿಗೆ ಅಂಟಿಸಿದ ಚೀಟಿ, ಅದೇ ಓರೆ ಅಕ್ಷರ:
'ಫಯಾಜ್‌ದು. ದಿನಕ್ಕೆ ನಾಲ್ಕು ನಿಮಿಷ ನಿಧಾನ.
ಇರಲಿ.'

ಇರಲಿ ಅಂತ ನಾನೂ ಮೊಳೆ ಹೊಡೆದೆ.
ದಿನಕ್ಕೆ ನಾಲ್ಕು,
ತಿಂಗಳಿಗೆ ಎರಡು ಗಂಟೆ.
ಇದು ಉಳಿತಾಯವೋ ನಷ್ಟವೋ
ಕೇಳೋಣವೆಂದು
ಫೋನ್ ಕೈಗೆತ್ತಿಕೊಂಡೆ.