ಲಾಟು

ಲಾಟು ಅಂದರೆ ಮೊದಲು ನನಗೆ ಗೊತ್ತಿದ್ದದ್ದು
ಹಾಸನದ ಎಪಿಎಂಸಿ ಅಂಗಳದಲ್ಲಿ
ಜಲಂಧರದ ಲಾರಿ ಇಳಿಸಿಹೋದ ಬಿತ್ತನೆ ಆಲೂಗೆಡ್ಡೆಯ ರಾಶಿ.
ಮೂಟೆಯ ಮೇಲೆ ಸುಣ್ಣದ ನಂಬರು,
ಗೆಡ್ಡೆಯ ಕಣ್ಣಲ್ಲಿ ಅಕ್ಕಿಕಾಳಿನಷ್ಟು ಮೊಳಕೆ.

ಈಗ ಲಾಟು ಅಂದರೆ ನೂರೈವತ್ತು.
ನೂರೈವತ್ತು ಏನು ಅಂತ ಕೇಳಬೇಡಿ,
ಮುಟ್ಟಿ ನೋಡಿದವರಿಲ್ಲ.
ಒಂದು ಕಂಪ್ಯೂಟರ್ ಕಂಪನಿಯ ಷೇರನ್ನು
ತಿಂಗಳ ಕೊನೆಯೊಳಗೆ ಇಂತಿಷ್ಟಕ್ಕೆ ಕೊಳ್ಳುವ ಹಕ್ಕು.
ಕೊಳ್ಳಲೇಬೇಕೆಂದಿಲ್ಲ, ಕೊಳ್ಳುವವರೂ ಇಲ್ಲ,
ಹಕ್ಕನ್ನೇ ಕೈಯಿಂದ ಕೈಗೆ ದಾಟಿಸುವುದು
ಬಿಸಿ ಇರುವಷ್ಟು ಹೊತ್ತು.
ಒಂದಕ್ಕೆ ಎಪ್ಪತ್ತಾರರಂತೆ
ಹನ್ನೊಂದು ಸಾವಿರದ ನಾನೂರು.
ಚೀಟಿ ಎತ್ತಿದ ದುಡ್ಡು.

ಹೇಳಿಕೊಟ್ಟವನು ಹಮಾಲಿ ಜಬೀವುಲ್ಲಾ.
ಬೆನ್ನ ಮೇಲೆ ಐವತ್ತು ಕೆ.ಜಿ., ಜೇಬಲ್ಲಿ ಕ್ಯಾಂಡಲ್ ಚಾರ್ಟು.
"ಅಕ್ಕಾ, ನಾಲ್ಕನೇ ಕ್ವಾರ್ಟರಿನ ರಿಸಲ್ಟು ಗುರುವಾರ ಸಂಜೆ.
ಅದಕ್ಕೆ ಮುಂಚೆ ಕೊಳ್ಳೋದು, ಬೆಳಿಗ್ಗೆ ಒಂಬತ್ತೂಕಾಲಿಗೆ ಮಾರೋದು.
ರಾತ್ರಿ ನಿದ್ದೆ ಮಾಡಿದ್ದಕ್ಕೇ ಕೂಲಿ."

ಗುರುವಾರ ಸಂಜೆ ನಾನು ಬಿಲ್ಲು ಬರೆಯುತ್ತಿದ್ದೆ.
ಧರಣೇಂದ್ರಯ್ಯನವರು ಟವೆಲಿನ ಕೆಳಗೆ
ಅರಕಲಗೂಡಿನ ವ್ಯಾಪಾರಿಯ ಬೆರಳು ಹಿಡಿದಿದ್ದರು.
ಎರಡು ಬೆರಳು, ಮತ್ತೆ ಅರ್ಧ,
ಮುಖದಲ್ಲಿ ಮಾತ್ರ ಮೌನವ್ರತ.
ಐದೂ ಹತ್ತಕ್ಕೆ ಫೋನು ಮಿಣುಕಿತು:
ಲಾಭ ಶೇಕಡಾ ಒಂಬತ್ತು ಏರಿದೆ.
ಜಬೀ ಮೂಟೆ ಹೊತ್ತೇ ಒಂದು ಸುತ್ತು ತಿರುಗಿದ.
ಆ ರಾತ್ರಿ ಮನೆಗೆ ಅರ್ಧ ಕೆ.ಜಿ. ಜಿಲೇಬಿ ಒಯ್ದೆ.
ಯಾರ ಹುಟ್ಟಿದ ಹಬ್ಬ ಅಂತ ನಾದಿನಿ ಕೇಳಿದಳು.

ಶುಕ್ರವಾರ ಒಂಬತ್ತೂಕಾಲು.
ಕೆಂಪು.
ಲಾಭ ಏರಿದ ಕಂಪನಿ ನಾಲ್ಕು ಪರ್ಸೆಂಟು ಕೆಳಗೆ ಕೂತಿದೆ,
ಫಸ್ಟ್ ಕ್ಲಾಸಲ್ಲಿ ಪಾಸಾದ ಹುಡುಗ
ಮನೆಯಲ್ಲಿ ಬೈಸಿಕೊಂಡ ಹಾಗೆ.
ಒಂಬತ್ತು ಸಾಲದಂತೆ. ಊರಿಗೆಲ್ಲ ಗೊತ್ತಿದ್ದ ಲೆಕ್ಕ ಒಂಬತ್ತು,
ಬಲ್ಲವರ ಕಿವಿಯಲ್ಲಿ ಇದ್ದದ್ದು ಹನ್ನೊಂದು.
ಮೇಲಾಗಿ ಅವರ ದೊಡ್ಡ ಸಾಹೇಬರು
ಮುಂದಿನ ವರ್ಷದ ಮಾತು ಬಂದಾಗ
'ಎಚ್ಚರಿಕೆಯಿಂದ' ಅನ್ನುವ ಪದ ಮೂರು ಸಲ ಬಳಸಿದರಂತೆ.
ಒಂದು ಪದಕ್ಕೆ ಎಷ್ಟು ಕೋಟಿ ಹೋಯಿತು ಅಂತ ಟಿ.ವಿ.ಯಲ್ಲಿ ಲೆಕ್ಕ ಹಾಕುತ್ತಿದ್ದರು.
ನಾನು ಮನೆಯಲ್ಲಿ ದಿನಕ್ಕೆ ಹತ್ತು ಸಲ ಆಡುವ ಪದ,
ಒಬ್ಬರೂ ಕಿವಿಗೆ ಹಾಕಿಕೊಂಡಿಲ್ಲ.

ಮಾರಲು ಹೋದರೆ ಬೆರಳಿಗೆ ಗೆಡ್ಡೆಯ ಮಣ್ಣು,
ಫೋನು ಒಪ್ಪಲಿಲ್ಲ.
ಸೆರಗಿಗೆ ಒರೆಸಿಕೊಳ್ಳುವಷ್ಟರಲ್ಲಿ
ಇಪ್ಪತ್ತಾರು ಇದ್ದದ್ದು ಇಪ್ಪತ್ತೆರಡು.

ಅದಕ್ಕಿಂತ ವಿಚಿತ್ರ ಆಮೇಲಿನದು.
ಮಧ್ಯಾಹ್ನ ಮೂರಕ್ಕೆ ಷೇರು ಎದ್ದು ಬಂದು
ಗುರುವಾರ ಕೂತಿದ್ದ ಜಾಗದಲ್ಲೇ ಕೂತಿತು,
ನೀರು ಕುಡಿಯಲು ಎದ್ದುಹೋದವರಂತೆ.
ಮಾರದೆ ಇದ್ದಿದ್ದರೆ? ನೋಡಿದೆ.
ನನ್ನ ಎಪ್ಪತ್ತಾರು ನಲವತ್ತೊಂದಕ್ಕೆ ನಿಂತಿದೆ.
ಷೇರು ಅಲ್ಲೇ, ಬೆಲೆ ಅದೇ. ಮೂವತ್ತೈದು ಎಲ್ಲಿ?
"ಗಾಳಿ ಹೋಯ್ತು ಅಕ್ಕಾ" ಅಂದ ಜಬೀ,
ಅವನ ಹತ್ತಿರವೂ ಒಂದು ಲಾಟಿತ್ತು, ಇನ್ನೂ ಇತ್ತು.

ಬಹಳ ಹೊತ್ತಿನ ಮೇಲೆ ಹೊಳೆಯಿತು,
ನಾನು ದುಡ್ಡು ಕೊಟ್ಟದ್ದು ಒಂದು ರಾತ್ರಿಯ 'ಏನಾಗುತ್ತೋ'ಗೆ.
ಬೆಳಗಾದ ಮೇಲೆ ಅದನ್ನು ಯಾರು ಕೊಳ್ಳುತ್ತಾರೆ?

"ಅಂಬುಜಾಕ್ಷಮ್ಮಾ, ಹದಿನೇಳನೇ ಲಾಟು ಬರ್ಕೊಳ್ಳಿ."
ಬರೆದೆ. ಮೂಟೆ ನಲವತ್ತು, ತೂಕ ಇಷ್ಟು.
ಅದರ ಕೆಳಗೆ ಹದಿಮೂರು ವರ್ಷದಿಂದ ಬರೆಯುತ್ತಿರುವ ಸಾಲು:
ಶೈತ್ಯಾಗಾರದಿಂದ ಬಂದ ಮೇಲೆ ಒಣಗಿದ ಬಾಬ್ತು
ಕ್ವಿಂಟಾಲಿಗೆ ಒಂದೂವರೆ ಕೆ.ಜಿ. ವಜಾ.
ಗೆಡ್ಡೆ ಒಂದೂ ಕಮ್ಮಿಯಾಗಿಲ್ಲ,
ಬೇಕಾದರೆ ಎಣಿಸಿ.

ಡಬ್ಬಿಯಲ್ಲಿ ಉಳಿದಿದ್ದ ಎರಡು ಜಿಲೇಬಿ ಜಬೀಗೆ ಕೊಟ್ಟೆ.
ಜಗಿಯುತ್ತಾ ಸುಮ್ಮನೆ ನಿಂತಿದ್ದ.
ಆಮೇಲೆ ಅಂಗಳದ ಕಡೆ ನೋಡುತ್ತಾ,
"ಬುಧವಾರ ಇನ್ನೊಂದು ಕಂಪನೀದು ಐತೆ" ಅಂದ.

ನಾನು ಕೈಯ ಮಣ್ಣು ಒರೆಸಿಕೊಂಡೆ.