ಕೊರಳಪಟ್ಟಿ ಮಾತ್ರ ನನ್ನದು

ಮುಖ ಗುರುಗಳದು. ಎರಡೇ ಬೆಳಗಿನಲ್ಲಿ ಮುಗಿಸಿದರು:
ಮದುಮಗಳು ವಾಲ್‌ಬುರ್ಗಾ, ಉಪ್ಪಿನ ವ್ಯಾಪಾರಿಯ ಮಗಳು,
ತುಂಬುಗಲ್ಲ, ತುಸು ನೆಗಡಿಯ ಮೂಗು.
ಮೂಗಿನ ಕೆಂಪು ಬಿಡಿಸಲಿಲ್ಲ.
ಆಮೇಲೆ ಅವಳು ಮನೆಗೆ ಹೋದಳು,
ಕೊರಳಪಟ್ಟಿ ಉಳಿಯಿತು
ಮರದ ಗೂಟದ ಮೇಲೆ, ತಲೆಯಿಲ್ಲದೆ, ನನ್ನೆದುರು.

"ಜೋಕೆ, ಯೋಸ್," ಎಂದರು ಗುರುಗಳು,
"ಇದರ ಬೆಲೆಗೆ ಆಂಟ್ವರ್ಪಿನಲ್ಲಿ
ಒಂದು ಮನೆ ಬರುತ್ತದೆ, ಬಾವಿಯ ಸಮೇತ."

ಮೊದಲು ಕಪ್ಪು. ಅವಳ ರೇಷ್ಮೆಯ ಕಪ್ಪು,
ನೀಲಿಯಲ್ಲಿ ಅದ್ದಿ, ಕೆಂಪಿನಲ್ಲಿ ಅದ್ದಿ, ಮತ್ತೆ ಅದ್ದಿ ತೆಗೆದ
ದುಡ್ಡಿದ್ದವರ ಕಪ್ಪು; ನನ್ನ ಅಂಗಿಯದು ಬರೀ ಮಸಿ.
ಅದರ ಮೇಲೆ ಸೀಸದ ಬಿಳಿ,
ಮೂರೇ ಕೂದಲಿನ ಕುಂಚ,
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹದಿನೇಳು ದಿನ.

ಎಣ್ಣೆ ಅಗಸೆಯದು.
ಲೇಸಿನ ನೂಲೂ ಅಗಸೆಯದೇ, ನನಗೆ ಹೊಳೆದದ್ದು ತಡವಾಗಿ:
ಅದೇ ನೀಲಿ ಹೂವಿನ ಗಿಡ, ಅದೇ ಕೆಸರಿನ ಹೊಲ.
ನಾರು ಯಾರದೋ ನೆಲಮಾಳಿಗೆಗೆ ಇಳಿದು
ತೇವದಲ್ಲಿ ನೂಲಾಯಿತು, ಒಣಗಾಳಿ ಸೋಕಿದರೆ ತುಂಡಾಗುವಷ್ಟು ಸಣ್ಣಗೆ;
ಬೀಜ ಗಾಣಕ್ಕೆ ಬಿದ್ದು ನನ್ನ ಬಟ್ಟಲಿಗೆ ಬಂತು.
ಚೌಕಟ್ಟಿಗೆ ಬಿಗಿದ ಬಟ್ಟೆಯೂ ಅದೇ.
ಅಗಸೆಯ ಮೇಲೆ, ಅಗಸೆಯಲ್ಲಿ ಅದ್ದಿ,
ಅಗಸೆಯನ್ನೇ ಬರೆಯುತ್ತಿದ್ದೆ.

ಹನ್ನೊಂದನೆಯ ದಿನ ಸಿಕ್ಕಿತು.
ಎಡಗಡೆ, ಏಳನೆಯ ಹೂವಿನ ಅಂಚಿಗೆ,
ಮೇಲೆ ಹೋಗಬೇಕಾದ ಎಳೆಯೊಂದು ಕೆಳಗೆ ಹೋಗಿತ್ತು.
ಯಾರೋ ತೂಕಡಿಸಿದ್ದಾರೆ.
ತಿದ್ದಲೆ? ಒಂದು ಗೀರು ಸಾಕಿತ್ತು.
ತಿದ್ದಲಿಲ್ಲ. ಯಾಕೆಂದು ಕೇಳಬೇಡಿ,
ಹದಿನಾರರ ಹುಡುಗ, ಹಸಿವಾಗಿತ್ತು.

ಒಪ್ಪಿಸುವ ದಿನ ಮಾವ ಬಂದರು, ವರ ಲೀವನ್ ಬಂದ.
ಬೆರಳಿಟ್ಟು ಹೂ ಎಣಿಸಿದರು, ಸಾಲ ವಾಪಸು ಬಂದಾಗ ಎಣಿಸುವಂತೆ:
ಇಪ್ಪತ್ತೆರಡು. ಸರಿಯಾಗಿದೆ.
ಮುಖದ ಕಡೆ ಯಾರ ಬೆರಳೂ ಹೋಗಲಿಲ್ಲ.

ಪಟ್ಟಿಯನ್ನು ಒಗೆದು ಗಂಜಿ ಹಾಕಲು ಒಯ್ಯಬಂದವಳು
ಮೆಖೆಲೆನ್ನಿನ ಡಿಗ್ನಾ, ಕೈಯಲ್ಲಿ ಬುಟ್ಟಿ.
ಚಿತ್ರದ ಹತ್ತಿರ ಬಂದಳು, ಮೂಗು ತಾಗುವಷ್ಟು ಬಾಗಿ
ಒಂದೊಂದೇ ಹೂ ದಾಟಿ
ಏಳನೆಯದಕ್ಕೆ ನಕ್ಕಳು, ಜೋರಾಗಿ:
"ಇದು ನಮ್ಮ ಮಾಯ್ಕೆನ್ ಕೈ!
ಸಂಜೆ ದೀಪ ಹಚ್ಚುವುದಕ್ಕೆ ಜಿಪುಣತನ ನನ್ನಕ್ಕನಿಗೆ.
ಈಗ ಹಗಲೂ ಅವಳಿಗೆ ಅಷ್ಟೇ.
ಹೋಗಿ ಹೇಳುತ್ತೇನೆ, ಸಿಕ್ಕಿಬಿದ್ದೆ ಅಂತ."

ಮೀನು ಸುತ್ತುವಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿ
ಆ ಮನೆಯನ್ನು, ಬಾವಿಯ ಸಮೇತ,
ಬುಟ್ಟಿಗೆ ಹಾಕಿ ಮೆಟ್ಟಿಲಿಳಿದಳು.

"ಯೋಸ್," ಒಳಗಿನಿಂದ ಕೂಗು,
"ಗಂಡನ ಚಿತ್ರ ಬಾಕಿ. ತೋಳಪಟ್ಟಿ ಬಂದಿದೆ, ಗೂಟಕ್ಕೆ ಹಾಕು."